ಏಪ್ರನ್ನಿನ ಹಿಂಬದಿ

ಉಲ್ವಿಕ್
ಏಪ್ರಿಲ್ ೨೪, ಮಧ್ಯಾಹ್ನ

ಪ್ರೀತಿಯ ಅಮ್ಮಾ,

ಹೇಗಿದ್ದೀಯ? ಮೊಣಕಾಲು ನೋವು ಇಳಿಯಿತೇ? ಹಡಗಿನ ಅಡುಗೆಮನೆಯಲ್ಲಿ ದಿನವಿಡೀ ನಿಂತಿರಬೇಡ, ಆಲೂಗಡ್ಡೆ ಸುಲಿಯುವಾಗಲಾದರೂ ಕುಳಿತುಕೋ. ನಿನ್ನ ಮೊಮ್ಮಗಳು ಓಡ್ನಿಗೆ ಐದು ತಿಂಗಳು ತುಂಬಿತು. ಗಂಟೆಗೊಮ್ಮೆ ಎದ್ದು, ನಾನಿದ್ದೇನೋ ಇಲ್ಲವೋ ಎಂದು ಪರೀಕ್ಷಿಸುತ್ತಾಳೆ. ಅಪ್ಪಿತಪ್ಪಿ ಮಲಗಿದರೆ ಉಸಿರಾಡುತ್ತಿದ್ದಾಳೋ ಎಂದು ನಾನೇ ಎದ್ದು ಬಗ್ಗಿ ನೋಡುತ್ತೇನೆ. "ಯಾರನ್ನ ಯಾರು ಎಬ್ಬಿಸ್ತಿದೀರೋ ದೇವರಿಗೇ ಗೊತ್ತು" ಎಂದು ನಿನ್ನ ಅಳಿಯ ಶೂರ್ ನಗುತ್ತಾನೆ.

ಫೋನಿನಲ್ಲಿ ಹೇಳಲು ಬಾಯಿ ಬಾರದ್ದನ್ನು ಬರೆಯುತ್ತಿದ್ದೇನೆ. ಮೇ ಮೂರಕ್ಕೆ ನನ್ನ ಮೊದಲ ಕಸೂತಿ ಪ್ರದರ್ಶನವಲ್ಲವೇ? ನಿನ್ನ ಹಬ್ಬದ ಉಡುಪಿನ ಏಪ್ರನ್ನಿನಲ್ಲಿರುವ ಎಂಟು ಮೂಲೆಯ ನಕ್ಷತ್ರವನ್ನೇ, ಒರಟು ನೇಯ್ಗೆಯ ಅಗಸೆನಾರಿನ ಬಟ್ಟೆಯ ಮೇಲೆ, ಹಗ್ಗದಷ್ಟು ದಪ್ಪ ಬಿಳಿ ನೂಲಿನಲ್ಲಿ, ದೋಣಿಮನೆಯ ಬಾಗಿಲಿನಷ್ಟು ದೊಡ್ಡದಾಗಿ ಹೊಲಿದಿದ್ದೆ. ಉಳಿದದ್ದು ಹೊಲಿಗೆಯ ನಡುವಿನ ಬಟ್ಟೆಯ ಎಳೆ ಕತ್ತರಿಸಿ ಜಾಲರಿ ಬಿಡಿಸುವುದು. ಹೊಲಿಗೆ ಬಿಗಿ ಹಿಡಿದ ಬದಿಯಲ್ಲಿ ಮಾತ್ರ ಕತ್ತರಿ ಇಡಬೇಕೆಂದು ನನಗೆ ಏಳು ವರ್ಷವಾಗಿದ್ದಾಗಲೇ ನೀನು ಕಲಿಸಿದ್ದೆ. ಕಳೆದ ಮಂಗಳವಾರ ಓಡ್ನಿಯನ್ನು ಎದೆಗೆ ಕಟ್ಟಿಕೊಂಡು, ತೂಕಡಿಸುತ್ತಾ, ಪಕ್ಕದ ಬದಿಯಲ್ಲಿ ಕತ್ತರಿಸಿಬಿಟ್ಟೆ. ಒಂದು ಮೂಲೆ ಪೂರ್ತಿ ಬಿಚ್ಚಿ ಕೈಗೆ ಬಂತು. ಬಟ್ಟೆಯೂ ನನ್ನಿಂದಾಗದು, ಮಗುವೂ ನನ್ನಿಂದಾಗದು ಎಂದು ಅಲ್ಲೇ ನೆಲದ ಮೇಲೆ ಕುಳಿತು ಅತ್ತೆ.

ಆಮೇಲೆ ಪಕ್ಕದ ಮನೆ ಗುನ್‌ವೋರ್ ಅಜ್ಜಿಯ ಬಳಿ ಓಡಿದೆ. ಅಜ್ಜಿ ನನಗೊಂದು ವಾಫಲ್ ಮಡಚಿ ಕೊಟ್ಟು, ಮಗುವನ್ನು ಎತ್ತಿಕೊಂಡು, "ಹೋಗಿ ನಿಮ್ಮಮ್ಮನ ಏಪ್ರನ್ ತಗೊಂಡ್ ಬಾ, ತಿರುಗಿಸಿ ನೋಡು" ಎಂದಳು. ಅಮ್ಮಾ, ಊರಿನವರ ಕಸೂತಿಯನ್ನೆಲ್ಲ ತಿರುಗಿಸಿ, "ಹಿಂದೆ ಅಚ್ಚುಕಟ್ಟಿಲ್ಲ ಅಂದ್ರೆ ಮುಂದೆ ಇದ್ದು ಏನು ಬಂತು?" ಎನ್ನುತ್ತಿದ್ದವಳು ನೀನು. ನಿನ್ನದನ್ನು ಮಾತ್ರ ಯಾರಿಗೂ ಮುಟ್ಟಲು ಬಿಟ್ಟವಳಲ್ಲ. ಮನೆಯಿಂದ ತಂದು ತಿರುಗಿಸಿದೆ. ಎಡಮೂಲೆಯಲ್ಲಿ ಹೆಬ್ಬೆರಳಗಲದ ತೇಪೆ! ಗಂಟಿನ ಮೇಲೆ ಗಂಟು, ಕೋಳಿ ಕೆದರಿದ ಹಾಗೆ. ಅಜ್ಜಿ ಬಿದ್ದು ಬಿದ್ದು ನಕ್ಕಳು. "ಮಹಾರಾಣಿ! ನೀನು ಹುಟ್ಟಿ ಮೂರು ತಿಂಗಳು ಆಗ. ನಿಮ್ಮಮ್ಮ ನಿದ್ದೆಗಣ್ಣಲ್ಲಿ ಕತ್ತರಿ ಹಾಕಿ, ಇದೇ ಕುರ್ಚೀಲಿ ಕೂತು ಅತ್ಲು. ತೇಪೆ ಹಾಕೋದು ನಾನೇ ಹೇಳ್ಕೊಟ್ಟಿದ್ದು."

ನನಗೆ ಎಷ್ಟು ಸಮಾಧಾನವಾಯಿತೆಂದರೆ, ಆ ಕುರ್ಚಿಯಲ್ಲೇ ಒರಗಿ ಎರಡು ಗಂಟೆ ಮಲಗಿಬಿಟ್ಟೆ. ಎದ್ದು ನೋಡಿದರೆ ಓಡ್ನಿ ಅಜ್ಜಿಯ ನೂಲಿನ ಉಂಡೆ ಚೀಪುತ್ತಿದ್ದಳು. ಅವಳು ಉಸಿರಾಡುತ್ತಲೇ ಇದ್ದಳು, ನಾನು ನೋಡದಿದ್ದರೂ. ಮರುದಿನದಿಂದ ನಾಲ್ಕು ದಿನ ಕುಳಿತು ಆ ಮೂಲೆಗೆ ತೇಪೆ ಹಾಕಿದೆ. ಗಂಟುಗಳನ್ನು ಮುಚ್ಚಿಡಲಿಲ್ಲ. ಮುಂಬದಿಗೇ ಬಿಟ್ಟಿದ್ದೇನೆ.

ಹಡಗಿನ ನಿನ್ನ ಗೆಳತಿಯರಿಗೆಲ್ಲ ನನ್ನ ನೆನಪು ತಿಳಿಸು. ಓಡ್ನಿಯ ಜೊಲ್ಲಿನ ಮುತ್ತು ಈ ಕಾಗದದ ಅಂಚಿನಲ್ಲೇ ಇದೆ, ಒದ್ದೆಯಾಗಿರುವ ಕಡೆ.

ನಿನ್ನ ಮಗಳು,
ಎಲ್ಡ್ರಿ

ಒಂದು ವಿಷಯ ಹೇಳಲು ಮರೆತಿದ್ದೆ. ಸುಳ್ಳು, ಧೈರ್ಯ ಬರಲಿಲ್ಲ. ನಿನ್ನ ಏಪ್ರನ್ ನಿನ್ನೆಯಿಂದ ಪ್ರದರ್ಶನದ ಗೋಡೆಯ ಮೇಲೆ, ನನ್ನ ಬಟ್ಟೆಯ ಪಕ್ಕದಲ್ಲೇ ತೂಗುತ್ತಿದೆ, ಹಿಂಬದಿ ಮುಂದೆ ಮಾಡಿ, ನಿನ್ನ ಹೆಸರಿನ ಸಮೇತ. ಪ್ರದರ್ಶನ ಜೂನ್‌ವರೆಗೆ. ಮೇ ಹದಿನೇಳರ ರಾಷ್ಟ್ರೀಯ ದಿನದ ಮೆರವಣಿಗೆಗೆ ನನ್ನ ಏಪ್ರನ್ ಕಟ್ಟಿಕೋ. ಬೇಡವೆಂದರೆ ಬರ್ಗೆನ್‌ನಲ್ಲಿ ಇಳಿದ ಕೂಡಲೇ ಫೋನ್ ಮಾಡು, ತೆಗೆಸುತ್ತೇನೆ. ನಾವು ಎದ್ದಿರುವ ಹೊತ್ತಲ್ಲಿ ಮಾಡು. ಅಂದರೆ ಯಾವಾಗ ಬೇಕಾದರೂ.