ಚಿಲಕ ಹಾಕದ ಕಿಟಕಿ

ಮುದ್ದಿನ ಅಕ್ಕಾ,

ನಮ್ಮ ಹೊಸ ಮನೆ ಎಷ್ಟು ಚೆಂದ ಗೊತ್ತಾ! ಎರಡೇ ಕೋಣೆ, ಆದರೆ ಬೀದಿಗೆ ತೆರೆಯುವ ದೊಡ್ಡ ಕಿಟಕಿ! ಮೊನ್ನೆ ಅದರ ಗಾಜನ್ನು ಫಳಫಳ ಹೊಳೆಯುವಂತೆ ಒರೆಸಿ, ಮಹಾ ಜಾಣೆಯ ಹಾಗೆ ಚಿಲಕ ಹಾಕಿದೆ. ಮಧ್ಯಾಹ್ನ ದೂರದಲ್ಲೆಲ್ಲೋ ಬಾಂಬ್ ಬಿತ್ತು. ಇಡೀ ಬೀದಿಯಲ್ಲಿ ಒಡೆದದ್ದು ನಮ್ಮ ಗಾಜೊಂದೇ! ಇಲ್ಲಿ ಯಾರೂ ಚಿಲಕ ಹಾಕುವುದಿಲ್ಲವಂತೆ. ಕಿಟಕಿ ಸ್ವಲ್ಪ ತೆರೆದಿದ್ದರೆ ಬಾಂಬಿನ ಗಾಳಿಯ ಹೊಡೆತ ಹಾದುಹೋಗಿ ಗಾಜು ಉಳಿಯುತ್ತದಂತೆ.

ನಾವು ಕರೆಯುವ ಮೊದಲೇ ಗಾಜಿನಂಗಡಿಯವರು ಸರಿಯಾದ ಅಳತೆಯ ಗಾಜು ಹೊತ್ತು ಬಂದರು. ಬೀದಿಯ ಎಲ್ಲ ಕಿಟಕಿಗಳ ಅಳತೆಯೂ ಅವರ ಪುಸ್ತಕದಲ್ಲಿದೆ! "ಹೊಸ ಜೋಡಿ ಅಲ್ವಾ, ಕಿಟಕಿ ಮುಚ್ಕೊಂಡೇ ಇರ್ತಾರೆ ಅಂತ ಮೊದಲೇ ಕತ್ತರಿಸಿಟ್ಟಿದ್ದೆ ಕಣಮ್ಮಾ," ಎಂದರು. ಮನೆಯೊಡತಿ ಅಜ್ಜಿ ಬಿದ್ದು ಬಿದ್ದು ನಕ್ಕರು. ನಾನು ನಾಚಿ ನೀರಾದೆ!

ತೆರೆದ ಕಿಟಕಿಯಿಂದ ನನಗೆ ನೆಗಡಿಯಾಗಿದೆ, ಅಷ್ಟೇ. ಅಮ್ಮನಿಗೆ ಓದಿ ಹೇಳುವಾಗ ನೆಗಡಿಯನ್ನು ಮಾತ್ರ ಓದು, ಪ್ರಾಮಿಸ್?

ಇವರು ಆಸ್ಪತ್ರೆಯ ಕೆಲಸ ಮುಗಿಸಿ ನಾಲ್ಕಕ್ಕೇ ಬರಬೇಕಿತ್ತು. ಈಗ ಐದೂವರೆ. ಇವರು ದಾಟಿ ಬರುವ ಸೇತುವೆ ಮುಚ್ಚಿದ್ದಾರಂತೆ, ಆರಕ್ಕೆ ಕರ್ಫ್ಯೂ. ಅಲಮಾರನ್ನು ಎರಡು ಸಲ ಜೋಡಿಸಿದೆ, ಪಾತ್ರೆಗಳನ್ನು ಮತ್ತೆ ತೊಳೆದೆ, ಆಮೇಲೆ ಈ ಕಾರ್ಡ್ ಬರೆಯಲು ಕೂತೆ. ಕಿಟಕಿ ತೆರೆದಿರುವುದರಿಂದ ಒಂದು ಲಾಭವಿದೆ ಅಕ್ಕಾ. ಇವರ ಸೈಕಲ್ ಬೆಲ್ ಬೀದಿಯ ತಿರುವಿನಿಂದಲೇ ಕೇಳಿಸುತ್ತದೆ. ನನಗೆಂದೇ ಮೂರು ಸಲ ಬಾರಿಸುತ್ತಾರೆ. ಈಗ ಬರೀ ನಾಯಿ ಬೊಗಳುತ್ತಿದೆ. ಯಾರದೋ ಲಾರಿ. ಮತ್ತೆ ನಾಯಿ.

ಅಕ್ಕಾ, ಬೆಲ್! ಒಂದು. ಎರಡು. ಮೂರು! ಓಡಿದೆ!

ನಿನ್ನ ತಂಗಿ