ಅಣ್ಣನ ಹೊಸ ಮನೆಯ ಜಾಗ

ತೈತುಂಗ್, ಭಾನುವಾರ ಸಂಜೆ

ಪ್ರೀತಿಯ ಬುನ್‌ಹ್ಯೋಂಗ್ ಅಣ್ಣ,

ಕ್ಷೇಮವಾಗಿ ತಲುಪಿದೆ.

ಭೂಕಂಪದಲ್ಲಿ ಅಮ್ಮ ಸತ್ತ ಜಾಗದಲ್ಲೇ ನೀನು ಹೊಸ ಮನೆಗೆ ಗೂಟ ಹೊಡೆದಿದ್ದೆ. ನಾನು ಮೈಮೇಲೆ ಕಬ್ಬಿಣವಿರಬಾರದೆಂದು ಗಡಿಯಾರವನ್ನೂ ಬಿಚ್ಚಿಟ್ಟು, ನನ್ನ ಯಂತ್ರದಿಂದ ಅಲ್ಲಿನ ಗುರುತ್ವ, ಕಾಂತಬಲ ಎರಡನ್ನೂ ಮೂರು ಸಲ ಅಳೆದೆ. ಕೊನೆಯ ಸಲ ಅಳೆದದ್ದು ನನ್ನ ಲೆಕ್ಕ ತಪ್ಪಿರಲಿ ಎಂಬ ಆಸೆಯಿಂದ. ತಪ್ಪಿರಲಿಲ್ಲ, ನೆಲದಡಿಯ ಬಿರುಕು ಆ ಗೂಟಗಳ ನಡುವೆಯೇ ಹಾದಿದೆ.

“ಅಮ್ಮ ಇದ್ದಾಗ ಎಲ್ಲಿತ್ತೇ ನಿನ್ನ ಈ ಯಂತ್ರ?” ಎಂದು ನೀನು ಕೇಳಿದೆ. ಆಮೇಲೆ ಎರಡು ವಾರ ವಸತಿಗೃಹದಲ್ಲಿ ಒಬ್ಬಳೇ ಉಂಡೆ.

ಇಂದು ನೀನು ನಿಲ್ದಾಣಕ್ಕೂ ಬರಲಿಲ್ಲ. ಆದರೆ ರೈಲು ನಮ್ಮ ಚಕ್ಕೋತ ತೋಟ ದಾಟುವಾಗ ನೋಡಿದೆ, ನೀನು ಗೂಟ ಕೀಳುತ್ತಿದ್ದೆ. ಕೈ ಬೀಸಿದೆ, ನೀನು ತಲೆ ಎತ್ತಲಿಲ್ಲ.

ಪೂರ್ವಕ್ಕೆ ನೂರು ಹೆಜ್ಜೆ ಸರಿಸು, ಅಣ್ಣ. ನನ್ನ ಹೆಜ್ಜೆಯಲ್ಲ, ನಿನ್ನ ಉದ್ದ ಕಾಲಿನದು.

ನಿನ್ನ ತಂಗಿ
ಸಿಯೋಕ್‌ಬಿ