ಹತ್ತದ ಬೆಂಕಿಗೆ ಸುರಿದ ಸಗಣಿ ಬಗ್ಗಡ

ಏರ್ ಆಂಬುಲೆನ್ಸ್ ಸೇವೆಯ ಉಸ್ತುವಾರಿ ಹೊತ್ತ ಮಾನ್ಯ ಅಧಿಕಾರಿಗಳೇ,

ಹೆಲಿಕಾಪ್ಟರಿನ ಎಂಜಿನ್ ಮೇಲೆ ಸಗಣಿ ಬಗ್ಗಡ ಸುರಿದಿದ್ದೇಕೆ ಎಂದು ಕೇಳಿ ನಮ್ಮೂರಿಗೆ ನೋಟಿಸ್ ಕಳಿಸಿದ್ದೀರಿ. ಬೆಂಕಿ ಬಿದ್ದಿದೆ ಎಂದು ನಿಮ್ಮ ಹೆಲಿಕಾಪ್ಟರೇ ಹೇಳಿತು, ನಾವು ನಂಬಿದೆವು. ತಮ್ಮ ಇಲಾಖೆಯ ಯಂತ್ರದ ಮಾತನ್ನು ನಂಬುವುದು ಇಷ್ಟು ದೊಡ್ಡ ಅಪರಾಧವೆಂದು ತಿಳಿದಿರಲಿಲ್ಲ, ಮನ್ನಿಸಬೇಕು.

ಅಂದು ಬೆಳಿಗ್ಗೆ ನನ್ನ ಅಕ್ಕ ಮುನಿರತ್ನಮ್ಮ ರಾಗಿ ಕಣ ಸಾರಿಸಲೆಂದು ಡ್ರಮ್ಮಿನಲ್ಲಿ ಸಗಣಿ ಕಲಸುತ್ತಿದ್ದವಳು ಅಲ್ಲೇ ಕುಸಿದಳು. ಬಾಯಿ ವಾರೆಯಾಯಿತು, ಬಲಗೈ ಜೋತುಬಿತ್ತು. ಲಕ್ವ ಹೊಡೆದಿದೆ, ಬೇಗ ಬೆಂಗಳೂರು ಮುಟ್ಟಿಸಿದರೆ ಕೈ ಉಳಿಯಬಹುದು ಎಂದ ಊರಿನ ಡಾಕ್ಟರು ತಾವೇ ನಿಮಗೆ ಫೋನ್ ಮಾಡಿದರು. ಹೆಲಿಕಾಪ್ಟರ್ ಹೊರಟಿದೆ ಎಂದು ನಿಮ್ಮ ಕಚೇರಿಯಿಂದ ಫೋನ್ ಬಂತು. ಮನೆ ಮುಂದೆ ಬಂದು ನಿಂತಿದ್ದ ಆಂಬುಲೆನ್ಸ್ ವ್ಯಾನನ್ನು ನಾವೇ ವಾಪಸ್ ಕಳಿಸಿದೆವು. ಆಕಾಶದಲ್ಲಿ ಹೋಗುವ ಯೋಗ ಕೂಡಿ ಬಂದಾಗ ದೊಡ್ಡಬಳ್ಳಾಪುರದ ಟ್ರಾಫಿಕ್ಕು ಯಾರಿಗೆ ಬೇಕು?

ಅಕ್ಕನನ್ನು ಹೊತ್ತು ಮೇಲೆದ್ದ ಹೆಲಿಕಾಪ್ಟರ್ ತೆಂಗಿನ ಮರದೆತ್ತರ ದಾಟುವಷ್ಟರಲ್ಲಿ ತಿರುಗಿ ಕಣದ ಪಕ್ಕಕ್ಕೇ ಇಳಿಯಿತು. ಎಂಜಿನ್ನಿಗೆ ಬೆಂಕಿ ಅಂತ ಎಚ್ಚರಿಕೆ ದೀಪ ತೋರಿಸ್ತಿದೆ, ಎಲ್ಲರೂ ದೂರ ಹೋಗಿ ಎಂದು ಪೈಲಟ್ ಕೂಗಿದರು. ದೂರ ಹೋಗುವುದೇ? ರಾಗಿ ಮೆದೆ ಒಟ್ಟುವ ಊರು ಸ್ವಾಮಿ ನಮ್ಮದು. ಇಲ್ಲಿ ಯಾರಾದರೂ ಬೆಂಕಿ ಎಂದು ಕೂಗಿದರೆ ಹೌದೋ ಅಲ್ಲವೋ ಎಂದು ವಿಚಾರಣೆ ನಡೆಸುವುದಿಲ್ಲ, ಸಿಕ್ಕಿದ್ದನ್ನು ಎತ್ತಿಕೊಂಡು ಓಡುತ್ತೇವೆ. ಸುಳ್ಳಾದರೂ ಕೂಗಿದವನನ್ನು ಬೈಯುವುದಿಲ್ಲ. ಅಕ್ಕನನ್ನು ಇಳಿಸಿಕೊಂಡು ಭಾವನ ಜೊತೆ ಹಾಲಿನ ವ್ಯಾನಿಗೆ ಹತ್ತಿಸಿದೆವು. ಅಷ್ಟರಲ್ಲಿ ಅವಳೇ ಕಲಸಿಟ್ಟ ಡ್ರಮ್ಮು ಕಣ್ಣಿಗೆ ಬಿತ್ತು. ಮೊದಲ ಬಿಂದಿಗೆ ಎರಚಿದವನು ನಾನೇ.

ವ್ಯಾನು ಹೋದ ಮೇಲೆ ಬಗ್ಗಡ ಒರೆಸಿ ನೋಡಿದರೆ ಎಂಜಿನ್ನಿನಲ್ಲಿ ಕಿಡಿಯೂ ಇಲ್ಲ, ಹೊಗೆಯೂ ಇಲ್ಲ. ಪೈಲಟ್ ತಲೆ ಹಿಡಿದುಕೊಂಡು ಕೂತರು. "ಈ ದೀಪ ಸುಮ್‌ಸುಮ್ನೆ ಹತ್ಕೊಳ್ಳುತ್ತೆ ಯಜಮಾನ್ರೇ. ಹೋದ ವಾರಾನೂ ಹಿಂಗೇ ಆಗಿತ್ತು. ಮೇಲಿನೋರಿಗೆ ಹೇಳಿ ಹೇಳಿ ಸಾಕಾಯ್ತು" ಎಂದರು.

ಮೇಲಿನವರು ಎಂದರೆ ತಾವೇ. ತಮ್ಮ ತಾಳ್ಮೆಯನ್ನು ಮೆಚ್ಚಬೇಕು. ಎಚ್ಚರಿಕೆ ಸುಳ್ಳಾಗಿದ್ದರಿಂದ ರೋಗಿಗೆ ಯಾವ ಅಪಾಯವೂ ಇರಲಿಲ್ಲ ಎಂದು ನೋಟಿಸಿನಲ್ಲಿ ಬರೆದಿದ್ದೀರಿ. ನಿಜ. ಹಾಲಿನ ವ್ಯಾನು ಆಸ್ಪತ್ರೆ ಮುಟ್ಟುವಾಗ ಹೊತ್ತು ಮೀರಿತ್ತು, ಅಕ್ಕನ ಬಲಗೈ ಇನ್ನು ಏಳುವುದಿಲ್ಲ, ಉಳಿದಂತೆ ಎಲ್ಲ ಕ್ಷೇಮ. ನಾಳೆ ನಿಜವಾಗಿ ಬೆಂಕಿ ಬಿದ್ದಾಗ, ಇದು ಇದ್ದದ್ದೇ ಎಂದು ಪೈಲಟ್ ಹಾರಿಸಿಕೊಂಡು ಹೋದರೆ ಆಗ ಯಾರಿಗೆ ನೋಟಿಸ್ ಕೊಡುತ್ತೀರಿ?

ಮೊನ್ನೆ ಅಕ್ಕ ತೊದಲುತ್ತಾ ಕೇಳಿದಳು: "ಆ ಪೈಲಟಪ್ಪಂಗೆ ಏನೂ ಆಗ್ಲಿಲ್ವಾ ಸಂಜೀವ? ನನ್ ಕೈ ಹೋದ್ರೆ ಹೋಯ್ತು ಬಿಡು. ಬೆಂಕೀಲಿ ಆವಪ್ಪನ ಜೀವ ಉಳೀತಲ್ಲ, ಅಷ್ಟು ಸಾಕು."

ಬೆಂಕಿ ಬಿದ್ದಿತ್ತೆಂದೇ ಅವಳು ಈಗಲೂ ನಂಬಿದ್ದಾಳೆ.

ಆ ದೀಪ ಸರಿಯಾಗುವವರೆಗೆ ಹೆಲಿಕಾಪ್ಟರನ್ನು ನೆಲದ ಮೇಲೆ ನಿಲ್ಲಿಸಿ. ಆಮೇಲೆ ಖುದ್ದಾಗಿ ನಮ್ಮೂರು ಸಾಸಲಿಗೆ ಬನ್ನಿ. ಬೆಂಕಿ ಇರಲೇ ಇಲ್ಲ ಎಂದು ಅಕ್ಕನಿಗೆ ನೀವೇ ಹೇಳಿ. ನನ್ನಿಂದ ಆಗುತ್ತಿಲ್ಲ.

ಇಂತಿ,
ಇಲ್ಲದ ಬೆಂಕಿಯನ್ನು ಆರಿಸಿದ ಆರೋಪಿ,
ಸಂಜೀವಪ್ಪ, ಸಾಸಲು